ಕೆಳಮನೆ ಅಜ್ಜಿಯ ಕಹಿ ಗೆಣಸು

ಕೆಳಮನೆ ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಮರಗೆಣಸಿನ ಕಾಂಡವನ್ನು ಆ ಉಗುರಿನಿಂದ ಕೆರೆದು, ಒಳಗೆ ಹಸಿರು ಕಂಡು ಹಾಲು ಒಸರಿದರೆ "ಬದುಕಿದೆ" ಎಂದು ತಲೆಯಾಡಿಸುತ್ತಿದ್ದರು. ಅಮೆರಿಕದ ರಾಕ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಅವರು ಕೆಳಗೆ, ನಾವು ಮೇಲೆ. ಮಲಾವಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು ಇಲ್ಲಿಗೆ ಮುದುಕರ ಆರೈಕೆಯ ಕೆಲಸಕ್ಕೆ ಬಂದು, ಈಗ ತಾವೇ ಮುದುಕಿಯಾಗಿ ಒಬ್ಬರೇ ಇದ್ದರು. ಮಗಳು ದೂರದ ಷಾರ್ಲೆಟ್ ಊರಿನಲ್ಲಿ.

ಅವರ ಬಾಲ್ಕನಿಯಲ್ಲಿ ಎರಡು ಕುಂಡ, ಒಂದು ಸಿಹಿ ಮರಗೆಣಸು, ಒಂದು ಕಹಿ. ಇಲ್ಲಿನ ಪುಟ್ಟ ಬೇಸಿಗೆಯಲ್ಲಿ ಗೆಡ್ಡೆ ಎಲ್ಲಿ ಬಲಿಯಬೇಕು? ಎಲೆ ಕುಟ್ಟಿ, ತುಂಬ ಹೊತ್ತು ಬೇಯಿಸಿ, ಕಡಲೆಕಾಯಿ ಪುಡಿ ಹಾಕಿ ಪಲ್ಯ ಮಾಡುತ್ತಿದ್ದರು. ನಮಗೂ ಒಂದು ಡಬ್ಬಿ ಬರುತ್ತಿತ್ತು.

ನನ್ನ ಕೆಲಸವೂ ಮರಗೆಣಸಿನದೇ. ಆಫ್ರಿಕಾದ ರೈತರ ತಳಿಗಳ ಡಿಎನ್‌ಎ ಓದುವ ಲ್ಯಾಬಿನಲ್ಲಿ, ಯಾವ ತಳಿ ಯಾವುದಕ್ಕೆ ನೆಂಟ, ರೈತರಿಗೆ ಯಾವುದು ಇಷ್ಟ ಎಂದು ಕಂಪ್ಯೂಟರಿಗೆ ತುಂಬುವವಳು ನಾನು. ಅಜ್ಜಿಗೆ ನಗುವೋ ನಗು. "ಮಣ್ಣು ಮುಟ್ಟದೆ ಗೆಣಸಿನ ಕೆಲಸ ಮಾಡ್ತೀಯಲ್ಲ ಮಗಳೇ!"

ಕಹಿ ಯಾಕೆ ಬೆಳೀತೀರಿ ಎಂದು ಒಮ್ಮೆ ಕೇಳಿದ್ದೆ.

"ಸಿಹಿಯಾದ್ರೆ ಹಂದಿ ತಿನ್ನುತ್ತೆ, ಕಳ್ಳ ಕಿತ್ಕೊಂಡು ಹೋಗ್ತಾನೆ. ಕಹೀಲಿ ವಿಷ ಇರುತ್ತೆ, ನೆನೆಸಿ, ಒಣಗಿಸಿ, ಕುಟ್ಟೋ ತಾಳ್ಮೆ ಇರೋಳಿಗೆ ಮಾತ್ರ ಅದು ಊಟ. ಬರ ಬಂದಾಗ ನಮ್ಮನ್ನ ಉಳಿಸಿದ್ದು ಅದೇ."

ಆ ಕಹಿ, ಮದುವೆಯಲ್ಲಿ ಅವರಮ್ಮ ಕೊಟ್ಟ ತಳಿಯಂತೆ. ಅದರ ಕಡ್ಡಿ ಇಲ್ಲಿಗೆ ಹೇಗೆ ಬಂತೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಊರಲ್ಲಿ ಎಲ್ಲರೂ ಬೇಗ ಬೆಳೆಯುವ ಹೊಸ ತಳಿ ಹಾಕಿಕೊಂಡು ಹಳೆಯದು ಹೋಗೇಬಿಟ್ಟಿತ್ತು. ಮಗಳು ಹಿತ್ತಿಲಿರುವ ಮನೆ ಕೊಂಡಿದ್ದಳು, ಬರುವ ಬೇಸಿಗೆಗೆ ಆ ಕಹಿಯನ್ನು ಅವಳ ಕೈಗೆ ಕೊಡಬೇಕೆಂಬುದೇ ಅಜ್ಜಿಯ ಆಸೆ.

2022ರ ಚಳಿಗಾಲದ ಮೊದಲಿಗೆ ಅವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಗೆ ಹೊರಡುವಾಗ ನನಗೆ ಕೀ ಕೊಟ್ಟು, "ನಮ್ಮನೆ ಹೀಟರ್ ಆರಿಸಿಬಿಡು. ಗೆಣಸು ಚಳಿ ತಡೆಯಲ್ಲ, ಎರಡನ್ನೂ ನಿಮ್ಮನೆ ಒಳಗಿಟ್ಕೋ" ಅಂದರು.

ಈಗ ನನ್ನ ಬುದ್ಧಿವಂತಿಕೆ ಕೇಳಿ. ನಮ್ಮ ಮನೆಯಲ್ಲಿ ಬಿಸಿಲು ಬೀಳುವುದು ಒಂದೇ ಕಿಟಕಿಗೆ. ಅಲ್ಲಿ ತುಳಸಿ ಇತ್ತು, ಅದನ್ನು ಸರಿಸಲು ಮನಸ್ಸಾಗಲಿಲ್ಲ. ಇನ್ನೊಂದೇ ಕುಂಡಕ್ಕೆ ಜಾಗ. ಆಫೀಸಿನಲ್ಲಿ ತಳಿಗಳನ್ನು ಅಳೆಯುವ ಹಾಗೇ ಅಳೆದೆ: ರುಚಿ ಯಾವುದಕ್ಕೆ, ಬೇಗ ಬೆಳೆಯುವುದು ಯಾವುದು. ಸಿಹಿ ಒಳಗೆ ಬಂತು. ಕಹಿಗೆ ಹಳೆಯ ಬೆಡ್‌ಶೀಟು ಸುತ್ತಿ ಅವರ ಬಾಲ್ಕನಿಯಲ್ಲೇ ಬಿಟ್ಟೆ. ಅಜ್ಜಿಗೊಂದು ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ.

ಹೊಸ ವರ್ಷ ಕಳೆದು ಅವರು ವಾಕರ್ ಹಿಡಿದು ಬಂದರು. ಕಹಿಯ ಕಾಂಡ ಕೆರೆದರು, ಕಂದು. ಇನ್ನೂ ಕೆಳಗೆ ಕೆರೆದರು, ಮಣ್ಣಿನ ಹತ್ತಿರ ಕೆರೆದರು. ಎಲ್ಲ ಕಂದು.

"ಒಂದಕ್ಕೇ ಜಾಗ ಇತ್ತು ಅಜ್ಜಿ. ಸಿಹಿದೇ ಒಳ್ಳೇದು ಅಂದ್ಕೊಂಡೆ."

"ಒಳ್ಳೇದೇ" ಅಂದರು. ಆಮೇಲೆ, "ಹೋಗ್ಲಿ ಬಿಡು. ಟೀ ಇಡ್ತೀಯಾ?"

ಅಷ್ಟೊಂದು ದೇಶಗಳ ಗೆಣಸಿನ ಎಲೆಗಳು ನನ್ನ ಲ್ಯಾಬಿಗೆ ಬರುತ್ತಿದ್ದವು. ಕೆಳಮನೆಯ ಒಂದೆಲೆಯನ್ನು ಒಯ್ದು ಅದರ ಗುರುತನ್ನಾದರೂ ದಾಖಲಿಸಬೇಕೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಇಂಥ ಕಡು ದಡ್ಡಿ ನಾನು.

ಮರುವರ್ಷ ಅಜ್ಜಿ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಮಗಳ ಜೊತೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದೆ. ಸಿಹಿ ಮರಗೆಣಸಿನ ಕುಂಡ ನೋಡಿ ಅವಳು ಮುಖ ತಿರುಗಿಸಿದಳು.

"ಆಸ್ಪತ್ರೆಗೆ ಹೋಗೋ ಗಡಿಬಿಡೀಲಿ ಅಮ್ಮ ಕಹಿದನ್ನ ಹೊರಗೇ ಮರೆತುಬಿಟ್ರಂತೆ. ಅವರೇ ಹೇಳಿದ್ರು. ನಂಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಎರಡು ತಿಂಗಳು ಅಮ್ಮನ ಹತ್ರ ಮಾತೇ ಆಡಲಿಲ್ಲ."

ಆ ಎರಡು ತಿಂಗಳು ನನಗೆ ನೆನಪಿದೆ. ಸಂಜೆ ಟೀ ಕೊಡುವಾಗ, ಮಗಳು ಫೋನ್ ಮಾಡಿದ್ಲಾ ಎಂದರೆ, "ಪಾಪ, ಅವಳಿಗೆ ಕೆಲಸ ಜಾಸ್ತಿ" ಎನ್ನುತ್ತಿದ್ದರು.

"ಅಮ್ಮ ಮರೀಲಿಲ್ಲ" ಅಂದೆ. "ನನ್ನ ಕೈಗೆ ಕೊಟ್ಟು ಹೋಗಿದ್ರು. ಹೊರಗೆ ಬಿಟ್ಟಿದ್ದು ನಾನು."

ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಅಮ್ಮ ಇದ್ದಾಗ ಇದನ್ನ ನಂಗೆ ಹೇಳಬಾರದಿತ್ತಾ?" ಅಂದಳು.