ಟೀಚರಕ್ಕನ ಕೈಗುಣ

ಮೊನ್ನೆ ಸಾಗರದ ನರ್ಸರಿಯೊಂದರಲ್ಲಿ ಕಾಳುಮೆಣಸಿನ ಬಳ್ಳಿ ಆರಿಸುತ್ತಿದ್ದೆ. ಪಕ್ಕದಲ್ಲಿ ಯಾವುದೋ ಗಿಡಗಳನ್ನು ಸಾಲಾಗಿ ಇಟ್ಟಿದ್ದರು. ಒಂದು ಎಲೆ ಕಿತ್ತು ಬೆರಳಲ್ಲಿ ಹೊಸಕಿದೆ. ನನ್ನ ಕೈ ಸುಮ್ಮನಿರುವುದಿಲ್ಲ, ಹಳೆಯ ಚಾಳಿ. ರಾಳದಂಥ ಘಾಟು ಮೂಗಿಗೆ ಬಡಿಯಿತು. ಎಷ್ಟೋ ವರ್ಷಗಳಾಗಿದ್ದವು ಆ ವಾಸನೆ ಕಂಡು... ಗಿಡ ಯಾವುದೆಂದು ಕೇಳುವ ಅಗತ್ಯ ಬೀಳಲಿಲ್ಲ.

ನಾನು ಹೊಸನಗರದಲ್ಲಿ ಗುಮಾಸ್ತನಾಗಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸಿದ್ದರು. ಅಂಗನವಾಡಿಯಿಂದ ನಿವೃತ್ತರಾಗಿದ್ದ ಒಂಟಿ ಜೀವ. ಕೇರಿಗೆಲ್ಲ ಟೀಚರಕ್ಕ. ಅವರ ಕೈಗುಣ ದೊಡ್ಡದು ಅನ್ನುವುದು ಎಲ್ಲರ ನಂಬಿಕೆ. ಯಾರ ಮನೆಯಲ್ಲಿ ಮಲ್ಲಿಗೆ ಊರುವುದಿರಲಿ, ಬದನೆ ಸಸಿ ನೆಡುವುದಿರಲಿ, ಮೊದಲ ಗಿಡ ಅವರ ಕೈಯಿಂದಲೇ ಆಗಬೇಕು. ಅವರು ಸೆರಗು ಸಿಕ್ಕಿಸಿಕೊಂಡು ಬಂದು, ನೆಟ್ಟು, ಬುಡ ಒತ್ತಿ, ಚಹಾ ಕುಡಿದು ಹೋಗುವರು. ನೌಕರಿ ಮುಗಿದ ಮೇಲೂ ಜನ ಅವರ ಬಾಗಿಲಿಗೆ ಬರುತ್ತಿದ್ದುದು ಅದೊಂದಕ್ಕೇ. ಅವರಿಗೂ ಅದು ಗೊತ್ತಿತ್ತು.

ಅಂಥವರು ಒಮ್ಮೆ ಸಾಗರದಿಂದ ಎರಡು ಸಸಿಗಳನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದರು. ಯಾಂಗ್‌ಮೇ ಅಂತ, ಚೀನಾ ದೇಶದ ಹಣ್ಣು. ನೆಲ್ಲಿಕಾಯಿ ಗಾತ್ರ, ಮೈತುಂಬ ಕಡುಗೆಂಪು ಗುಳ್ಳೆ, ಹುಳಿಸಿಹಿ ರುಚಿ ಅಂತೆ. ಎಲೆ ಹೊಸಕಿದರೆ ಅದೇ ರಾಳದ ಘಾಟು. ಆ ಹೆಸರು ಯಾರ ಬಾಯಲ್ಲೂ ತಿರುಗದೆ ಕೇರಿಯವರಿಗೆ ಅದು ಚೀನಾ ಗಿಡವಾಯಿತು. ಬುಡದಲ್ಲಿ ನೀರು ನಿಲ್ಲಬಾರದೆಂದು ಮಣ್ಣಿನ ದಿಬ್ಬ ಮಾಡಿ ನೆಟ್ಟರು. ಬೇಸಿಗೆಯಲ್ಲಿ ಬುಡಕ್ಕೆ ಒಣಗಿದ ದರಗೆಲೆ ಹೊದೆಸಿ ಬಟ್ಟೆ ಜಾಲಿಸಿದ ನೀರು ಹಾಕಿದರು. ಗೆದ್ದಲು ಹತ್ತದಂತೆ ಸುಣ್ಣ ಬಳಿದರು.

"ಇದೆಲ್ಲ ನಮ್ಮ ಊರಲ್ಲಿ ಫಲ ಬಿಡ್ತದಾ ಟೀಚರಕ್ಕಾ?" ಎಂದು ನಾನು ಕಾಲೆಳೆಯುತ್ತಿದ್ದೆ.

"ನಾನು ನೆಟ್ಟಿದ್ದು ಬಿಡ್ದೆ ಇರ್ತದಾ ತಮ್ಮಾ? ಮೊದಲ್ನೇ ಬುಟ್ಟಿ ಅಂಗನವಾಡಿ ಮಕ್ಳಿಗೆ, ಆಮೇಲೆ ನಿಂಗೆ."

ಆರನೇ ವರ್ಷ ಒಂದು ಮರ ಹೂ ಬಿಟ್ಟಿತು. ಎಲೆಯ ಸಂದಿಯಲ್ಲಿ ಸಣ್ಣ ಸಣ್ಣ ತೆನೆ, ಮುಟ್ಟಿದರೆ ಹಳದಿ ಪುಡಿ. ನನ್ನ ಅಜ್ಜನ ಮನೆ ತೀರ್ಥಹಳ್ಳಿಯ ಕಡೆ. ಅಲ್ಲಿ ಜಾಯಿಕಾಯಿ ಮರಗಳ ನಡುವೆ ಬೆಳೆದವನು ನಾನು. ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂ ಬಿಟ್ಟಾಗ ಗಂಡೆಂದು ತಿಳಿದರೆ ಅಜ್ಜ ಮುಲಾಜಿಲ್ಲದೆ ಕಡಿಸುತ್ತಿದ್ದರು. ಸುತ್ತಲಿನ ತೋಟಗಳಲ್ಲಿ ಬೇರೆ ಗಂಡು ಮರಗಳು ಇದ್ದೇ ಇರುತ್ತಿದ್ದವು, ಹಾಗಾಗಿ ಫಲಕ್ಕೇನೂ ಕೊರತೆಯಾಗುತ್ತಿರಲಿಲ್ಲ. ನಾನು ದೊಡ್ಡ ಪಂಡಿತನಂತೆ ತೀರ್ಪು ಕೊಟ್ಟೆ.

"ಇದು ಗಂಡು ಮರ. ಸುಮ್ನೆ ಜಾಗ ತಿಂತದೆ. ಕಡ್ದು ಹಾಕಿ, ಇನ್ನೊಂದಕ್ಕೆ ಬಿಸಿಲಾದ್ರೂ ಬೀಳ್ತದೆ."

"ಇರ್ಲಿ ಬಿಡಾ, ಪಾಪ. ಆರು ವರ್ಷ ಸಾಕಿದ್ದು."

ಅವರು ಎರಡು ದಿನ ತಡೆದರು. ಮೂರನೇ ದಿನ ನಾನೇ ಗರಗಸ ತಂದು ಕೊಯ್ದೆ. ಅವರು ಒಳಗೆ ಹೋಗಿ ಕೂತರು. ಇಡೀ ಹೊಸನಗರಕ್ಕೆ ಆ ಜಾತಿಯ ಮರ ಇದ್ದುದು ಎರಡೇ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮರುವರ್ಷ ಉಳಿದ ಮರ ಕೆಂಪು ಎಳೆಯಂಥ ಹೂ ಬಿಟ್ಟಿತು. ಉದುರಿತು. ಅದರ ಮರುವರ್ಷವೂ ಹಾಗೇ. ಟೀಚರಕ್ಕ ಗೊಬ್ಬರ ಬದಲಿಸಿದರು, ಬೂದಿ ಹಾಕಿದರು, ಕಡೆಗೆ ದೇವರಿಗೆ ಹರಕೆಯನ್ನೂ ಹೊತ್ತರು. ಒಂದು ಕಾಯಿಯೂ ಕಚ್ಚಲಿಲ್ಲ. ಕೇರಿಯಲ್ಲಿ ಯಾರೋ ನಗೆಯಾಡಿದರು, ಟೀಚರಕ್ಕನ ಕೈಗೂ ವಯಸ್ಸಾಯಿತು ಎಂದು. ಆ ಮಾತು ಅವರ ಕಿವಿಗೂ ಬಿತ್ತು.

ಒಂದು ಮಧ್ಯಾಹ್ನ ಕಚೇರಿಯಲ್ಲಿ ಕೆಲಸವಿಲ್ಲದೆ ಮೊಬೈಲಿನಲ್ಲಿ ಆ ಗಿಡದ ಬಗ್ಗೆ ಹುಡುಕಿದೆ. ಗಂಡು ಮರದ ಪುಡಿ ಗಾಳಿಯಲ್ಲಿ ಬರಬೇಕು, ಇಲ್ಲದಿದ್ದರೆ ಹೆಣ್ಣು ಮರ ಕಾಯಿ ಕಟ್ಟುವುದಿಲ್ಲ ಎಂದಿತ್ತು. ನಾನು ಕೊಯ್ದದ್ದು ಅದನ್ನೇ. ಸಂಜೆಯೇ ಹೇಳಬೇಕೆಂದು ಹೊರಟೆ. ಅವರು ಮರದ ಬುಡ ಗುಡಿಸುತ್ತಿದ್ದರು. "ಚಹಾ ಕುಡೀತ್ಯಾ ತಮ್ಮಾ?" ಎಂದರು. ಚಹಾ ಕುಡಿದು ವಾಪಸು ಬಂದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆ...

ಕೆಲವು ತಿಂಗಳಾದ ಮೇಲೆ ನನ್ನ ಹೆಂಡತಿ ಒಂದು ಕರಿಬೇವಿನ ಸಸಿ ತಂದು, ನೆಟ್ಟುಕೊಡಿ ಎಂದು ಅವರನ್ನು ಕರೆದಳು. ಟೀಚರಕ್ಕ ಬೇಲಿಯಾಚೆಯೇ ನಿಂತರು. ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು.

"ಬೇಡ ಮಾರಾಯ್ತಿ. ನನ್ನ ಕೈ ಈಗ ಮೊದಲಿನ ಹಾಂಗಿಲ್ಲ. ನಿಮ್ಮನೆ ಗಿಡ ಯಾಕೆ ಹಾಳ್ಮಾಡೂದು? ನೀನೇ ನೆಟ್ಕ."

ನಾನು ಜಗಲಿಯಲ್ಲೇ ಇದ್ದೆ. ಒಂದು ಮಾತು ಸಾಕಿತ್ತು. ತಪ್ಪು ನನ್ನದು, ನಿಮ್ಮ ಕೈಯದಲ್ಲ, ಅಷ್ಟೇ. ಬಯ್ಯುತ್ತಿದ್ದರೇನೋ, ಬಯ್ದು ಆಮೇಲೆ ನಗುತ್ತಿದ್ದರೇನೋ. ನಾನು ಪೇಪರ್ ಮಡಚಿ ಒಳಗೆ ಹೋದೆ. ನನ್ನಂಥ ಹೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಲ್ಲಿಂದಾಚೆ ಅವರು ಯಾರ ಮನೆಗೂ ನೆಡಲು ಹೋಗಲಿಲ್ಲ. ಕರೆಯುವವರೂ ಕಡಿಮೆಯಾದರು. ನನಗೆ ವರ್ಗವಾಯಿತು. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿದ್ದಾಗ ಹಿತ್ತಿಲಿಗೆ ಇಣುಕಿದೆ. ಮರ ಮೈತುಂಬ ಹೂ ಬಿಟ್ಟಿತ್ತು. ಈಚೆಗೆ ಮನೆ ಕೊಂಡವರು ಫಲವಿಲ್ಲದ ಮರವೆಂದು ಕಡಿದು ಕಾರು ನಿಲ್ಲಿಸಲು ಶೆಡ್ ಹಾಕಿದ್ದಾರೆ.

"ಅದನ್ನ ಜೋಡೀಲೇ ತಗಬೇಕು ಸಾರ್," ಎಂದ ನರ್ಸರಿಯವ, ನನ್ನ ಕೈಯಲ್ಲಿದ್ದ ಎಲೆ ನೋಡಿ. "ಗಂಡು ಗಿಡ ಇಲ್ದಿದ್ರೆ ಬರೀ ಹೂವೇ."

"ಗೊತ್ತು," ಎಂದೆ.

"ಯಾರಾದ್ರೂ ಕೈಗುಣ ಇರೋರ ಹತ್ರ ನೆಡ್ಸಿ. ಚೆನ್ನಾಗ್ ಬರ್ತದೆ."

"ಇದ್ರು," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಅವರ ಕೈಗುಣಕ್ಕೆ ಏನೂ ಆಗಿರಲಿಲ್ಲ ಎಂದು ಹೇಳಬಲ್ಲವನು ನಾನೊಬ್ಬನೇ ಇದ್ದೆ. ಈಗ ಹೇಳಲು ಸಿದ್ಧನಿದ್ದೇನೆ, ಕೇಳಬೇಕಾದವರು ಇಲ್ಲ. ಆರಿಸಿಟ್ಟಿದ್ದ ಮೆಣಸಿನ ಬಳ್ಳಿಗಳನ್ನೂ ಅಲ್ಲೇ ಬಿಟ್ಟು ಬಸ್‌ ಸ್ಟ್ಯಾಂಡಿಗೆ ನಡೆದೆ.