ತುಳಸಿ ತಿರುಗಿ ನೋಡಿದ್ದು

ಗೋಣಿಕೊಪ್ಪಲಿನ ಸ್ಕ್ಯಾನಿಂಗ್ ಸೆಂಟರಿನ ತುಳಸಿ ಗಟ್ಟಿ ಹೆಂಗಸು. ಊರಿನ ಅರ್ಧ ಜನರ ಹೊಟ್ಟೆಯೊಳಗೆ ಅಡ್ಡಾಡಿ ಬಂದವಳಿಗೆ ಹೆದರಲು ಪುರುಸೊತ್ತೆಲ್ಲಿ? ಸಿ.ಟಿ. ಯಂತ್ರ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಜೋಡಿಸಿ, ದೊಡ್ಡಕರುಳನ್ನು ಸುರಂಗದ ಹಾಗೆ ಪರದೆಯ ಮೇಲೆ ತೆರೆದಿಡುತ್ತದೆ. ಮೌಸ್ ಹಿಡಿದು ಅದರೊಳಗೆ ಸಾಗುವುದು, ಗಂಟುಗಿಂಟು ಕಂಡರೆ ಗುರುತು ಹಾಕಿ ಮೈಸೂರಿನ ಡಾಕ್ಟರಿಗೆ ಕಳಿಸುವುದು ಅವಳ ಕೆಲಸ.

ಅವತ್ತು ಬಂದವನು ಅವಳ ಅಣ್ಣ ಆನಂದ, ಶ್ರೀಮಂಗಲದ ಕಡೆ ಜೀಪು ಓಡಿಸುವವನು. ಅವರಪ್ಪ ಕರುಳಿನ ಕ್ಯಾನ್ಸರಿನಲ್ಲಿ ತೀರಿಕೊಂಡು ತಿಂಗಳಾಗಿತ್ತಷ್ಟೆ. ಮಕ್ಕಳೂ ತೋರಿಸಿಕೊಳ್ಳಬೇಕು ಅಂತ ಡಾಕ್ಟರು ಹೇಳಿದ್ದರು. ತುಳಸಿ ತೋರಿಸಿಕೊಂಡಿದ್ದಳು, ಏನೂ ಇರಲಿಲ್ಲ. ಈ ಮಹಾರಾಯ ಮಾತ್ರ, "ಕರುಳೊಳಗೆ ಪೈಪ್ ಗೀಪ್ ಹಾಕೋದೆಲ್ಲ ನನ್ ಕೈಲಾಗಲ್ಲ ಮಾರಾಯ್ತಿ" ಎಂದು ನುಣುಚಿಕೊಳ್ಳುತ್ತಿದ್ದ. ಕಾಡಿ ಬೇಡಿ ಸ್ಕ್ಯಾನಿಗಾದರೂ ಒಪ್ಪಿಸಿದ್ದಳು.

ಅವನ ಭಯಕ್ಕೆ ಬೇರೆ ಕಾರಣವೂ ಇತ್ತು. ಹೆಣ ಸುಟ್ಟು ಬರುವಾಗ ತಿರುಗಿ ನೋಡಬಾರದು. ಅಪ್ಪನನ್ನು ಸುಟ್ಟು ಬರುವಾಗ ಆನಂದ ನೋಡಿಬಿಟ್ಟಿದ್ದ. ಅತ್ತೆ ಚೋಮಿ ಎದೆ ಬಡಿದುಕೊಂಡಳು.

"ಅಪ್ಪ ಕರ್ದಂಗಾಯ್ತು" ಎಂದಿದ್ದ ಅವನು, ಮುಖ ಬಿಳಿಚಿಕೊಂಡು. ಅಲ್ಲಿಂದೀಚೆಗೆ ಜೀಪಿನ ಕನ್ನಡಿಯಲ್ಲೂ ಹಿಂದೆ ನೋಡಲು ಅಂಜುತ್ತಿದ್ದ.

ಅಂಗಾತ ಒಮ್ಮೆ, ಬೋರಲಾಗಿ ಒಮ್ಮೆ ಮಲಗಿಸಿ ಚಿತ್ರ ತೆಗೆದಾದ ಮೇಲೆ ಆನಂದ ಹೊರಗಿನ ಬೆಂಚಿನಲ್ಲಿ ಕೂತ. ತುಳಸಿ ಸುರಂಗಕ್ಕೆ ಇಳಿದಳು. ಮಡಿಕೆಯ ಮೇಲೆ ಮಡಿಕೆ, ನುಣುಪು ಗೋಡೆ, ಕೊನೆಯವರೆಗೂ ಏನೂ ಇಲ್ಲ. ಅಬ್ಬಾ ದೇವರೇ, ಎಷ್ಟು ಹಗುರವಾಯಿತು ಅವಳಿಗೆ!

ಆದರೆ ಈ ಕಂಪ್ಯೂಟರ್ ಸುಮ್ಮನೆ ಬಿಡುವಂಥದ್ದಲ್ಲ. ಕಣ್ಣಿಗೆ ಬಿದ್ದ ಗೋಡೆಗೆಲ್ಲ ಹಸಿರು ಬಳಿದು, ಮಡಿಕೆಗಳ ಬೆನ್ನನ್ನು ಹಾಗೇ ಉಳಿಸಿತ್ತು. ಅವನ್ನು ನೋಡಬೇಕಾದರೆ ತಿರುಗಿ, ಬಂದ ದಾರಿಯಲ್ಲೇ ವಾಪಸ್ಸು ಹೋಗಬೇಕು. ನಿತ್ಯದ ಕೆಲಸ, ಅವತ್ತು ಮಾತ್ರ ಬೆರಳು ಏಳಲಿಲ್ಲ. ಹಿಂದೆ ಯಾರೋ ನಿಂತಿದ್ದರು. ಕೋಣೆಯಲ್ಲಲ್ಲ, ಪರದೆಯೊಳಗೆ, ಅವಳು ದಾಟಿ ಬಂದ ತಿರುವಿನಲ್ಲಿ. ಎ.ಸಿ.ಯ ಸದ್ದಿನ ನಡುವೆ ಒಂದು ಕೆಮ್ಮು ಕೇಳಿಸಿತು. ಆಮೇಲೆ ಮೆಲ್ಲಗೆ, "ಮಗಾ..."

ತುಳಸಿ ಮೌಸನ್ನು ಬಿಗಿಯಾಗಿ ಹಿಡಿದಳು. ಹಲ್ಲು ಕಚ್ಚಿ ತಿರುಗಿಸಿದಳು.

ಆ ತಿರುವಿನ ಮಡಿಕೆಯ ಬೆನ್ನಿಗೇ ಅದು ಕೂತಿತ್ತು, ಕಾಫಿ ಹಣ್ಣಿನಷ್ಟು ಗಂಟು. ಅವಳು ದಾಟಿ ಹೋಗಲೆಂದು ಉಸಿರು ಹಿಡಿದು ಕಾದಿದ್ದ ಹಾಗಿತ್ತು. ಕರುಳಲ್ಲಿ ಉಳಿದ ಮಲ ಇರಬಹುದೆಂದು ಬೋರಲು ಮಲಗಿಸಿದ ಚಿತ್ರ ತೆರೆದಳು. ಮಲವಾದರೆ ಜಾರಿ ಬೀಳಬೇಕಿತ್ತು. ಅದು ಅಲ್ಲೇ ತಲೆಕೆಳಗಾಗಿ ನೇತುಕೊಂಡಿತ್ತು.

ಮೈಸೂರಿನ ಡಾಕ್ಟರು ನೋಡಿ ಫೋನ್ ಮಾಡಿದರು. "ಇನ್ನೂ ಚಿಕ್ಕದು ತುಳಸಿ, ಬೆಳೆಯೋ ಮೊದ್ಲೇ ತೆಗೆದುಬಿಡೋಣ. ಆದ್ರೆ ಪೈಪ್ ಹಾಕ್ಲೇಬೇಕು."

ಹೊರಗೆ ಬಂದು ಹೇಳಿದಾಗ ಆನಂದ ತಲೆ ಎತ್ತಲಿಲ್ಲ. "ನಾನವತ್ತು ತಿರುಗಿ ನೋಡಿದ್ದಕ್ಕೇ ಬಂತಲ್ವಾ? ಇನ್ಯಾಕೆ ಪೈಪು, ಬಿಟ್ಬಿಡು."

ತುಳಸಿಗೆ ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿತು. "ಬಾಯ್ಮುಚ್ಚಣ್ಣ! ಅದು ವರ್ಷಗಟ್ಲೆಯಿಂದ ಅಲ್ಲೇ ಇತ್ತು. ಇವತ್ತು ಅಪ್ಪ ನನ್ನನ್ನೂ ಕರೆದ್ರು. ತಿರುಗಿ ನೋಡಿದೆ, ಅದಕ್ಕೇ ಸಿಕ್ತು."

ಆನಂದ ಈಗ ತಲೆ ಎತ್ತಿದ. "ಕರೆಯೋ ಮೊದ್ಲು ಕೆಮ್ಮಿದ್ರಾ?"

ಕೆಮ್ಮಿನ ವಿಷಯ ತುಳಸಿ ಯಾರಿಗೂ ಹೇಳಿರಲಿಲ್ಲ. ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ಅಪ್ಪನೇ ಕರ್ದಿದ್ದು. ನಡಿ, ಪೈಪ್ ಹಾಕಿಸ್ಕೊಳ್ತೀನಿ" ಎಂದು ಆನಂದ ಎದ್ದು ನಿಂತ.