ಶಾವಿಗೆ ಮಣೆಯ ಹಡಗು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮನುಷ್ಯರಿಗಿಂತ ಮೊದಲು ಅವರ ಕಟ್ಟಿಗೆ ಸಾಮಾನಿನ ಮೇಲೆ ಹೋಗುತ್ತದೆ. ಹೋದ ವರ್ಷ ತಮ್ಮನಿಗೆ ಹೆಣ್ಣು ನೋಡಲು ಶಲವಡಿಗೆ ಹೋದಾಗ, ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ನಾನು ತಲೆಬಾಗಿಲನ್ನು ನೋಡುತ್ತ, ಎಳೆ ನೆಟ್ಟಗಿದೆಯೇ, ಗಂಟು ಎಷ್ಟಿವೆ, ಸೀಳಿದರೆ ಎಷ್ಟು ಪಟ್ಟಿ ಬಂದಾವು ಎಂದು ಮನಸ್ಸಿನಲ್ಲೇ ಗರಗಸ ಆಡಿಸುತ್ತಿದ್ದೆ. ಹುಡುಗಿಯ ತಂದೆ ಇದನ್ನು ನೆಂಟಸ್ತನದ ಪೂರ್ವಪರೀಕ್ಷೆಯೆಂದು ತಿಳಿದು, "ಬಾಗಲಾ ಗಟ್ಟಿ ಐತ್ರಿ, ಕಾಳಜಿ ಮಾಡಬ್ಯಾಡ್ರಿ" ಎಂದರು.

ಈ ರೋಗಕ್ಕೆ ಮೂಲ ಒಂದು ಹಡಗು. ಅಣ್ಣಿಗೇರಿಯಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಸುತ್ತ ಕಣ್ಣು ಹಾಯುವವರೆಗೂ ಎರೆಹೊಲ. ಸಮುದ್ರದ ದರ್ಶನವಾದದ್ದು ನಲವತ್ತನೆಯ ವಯಸ್ಸಿಗೆ ಎಸ್ಸೆಸ್ಸೆಲ್ಸಿಗೆ ಕಟ್ಟಿದಾಗ, ಸಮಾಜ ಪುಸ್ತಕದ ಚಿತ್ರದಲ್ಲಿ. ಪಾಸಾದ ಖುಷಿಗೆ ಮೊಬೈಲಿನಲ್ಲಿ ಒಂದು ಪುಟ್ಟ ಹಡಗಿನ ಕಿಟ್ ತರಿಸಿದೆ. ಮೊಳದುದ್ದದ ಅಸ್ಥಿಪಂಜರ, ಅದರ ಪಕ್ಕೆಲುಬುಗಳ ಮೇಲೆ ಹೊದಿಸಲು ಕಿರುಬೆರಳಿಗಿಂತ ಸಪೂರವಾದ ಕಟ್ಟಿಗೆ ಪಟ್ಟಿಗಳು, ಕಡೆಗೆ ನಿಲ್ಲಿಸಲು ಅಡ್ಡಕೋಲುಗಳಿದ್ದ ಪಟಗಂಬಗಳು. ಕಟ್ಟು ಹಾಕುವವನಿಗೆ ಪಟ್ಟಿ ಜೋಡಿಸುವುದೇನು ಮಹಾವಿದ್ಯೆ ಎಂದುಕೊಂಡೆ. ಆದರೆ ನಾನು ಇಷ್ಟು ವರ್ಷ ದುಡಿದದ್ದು ನಾಲ್ಕು ಮೂಲೆಗಳ ಜಗತ್ತಿನಲ್ಲಿ. ಹಡಗಿಗೆ ಮೂಲೆಯೇ ಇಲ್ಲ. ಹೊಟ್ಟೆ ಉಬ್ಬಿ ಮೂಗು ಚೂಪಾದ ಆ ದೇಹಕ್ಕೆ ಪ್ರತಿ ಪಟ್ಟಿಯನ್ನೂ ತುದಿಯಲ್ಲಿ ಹೆರೆದು, ನೆನೆಸಿ, ಬಗ್ಗಿಸಿ, ಪುಸಲಾಯಿಸಿ ಕೂರಿಸಬೇಕು.

ಅರ್ಧ ತಾಸು ನೆನೆಸಿರಿ ಎಂದು ಕಿಟ್ಟಿನ ಕಾಗದದಲ್ಲಿತ್ತು. ಯಾವುದಕ್ಕೂ ಇರಲಿ ಎಂದು ಎತ್ತಿನ ಗಾಡಿ ಮಾಡುವ ಮೌನೇಶ ಕಾಕಾನನ್ನು ಕೇಳಿದೆ.

"ಅರ್ಧ ತಾಸಾ? ತಮ್ಮಾ, ಜಾಲಿ ಕಟಗಿ ನಾವು ಆರ್ ತಿಂಗಳ ನೀರಾಗ ಮುಳುಗಿಸಿ ಇಡ್ತೀವಿ. ನೀರ ಕುಡೀಲಾರದ ಕಟಗಿ ಮಾತ ಕೇಳಂಗಿಲ್ಲ."

ಅಚ್ಚಾದ ಕಾಗದಕ್ಕಿಂತ ಹಿರಿಯರ ಮಾತು ದೊಡ್ಡದು. ಮೂರು ದಿನ ನೆನೆಹಾಕಿದೆ. ಪಟ್ಟಿಗಳು ಮಾತು ಕೇಳಿದವು, ಅಗದಿ ಸುಸಂಸ್ಕೃತರ ಹಾಗೆ ಬಾಗಿದವು, ಉಬ್ಬಿದ ಮೈಯಲ್ಲೇ ಅಂಟಿಕೊಂಡವು. ವಾರದೊಳಗೆ ಒಣಗಿ ಕುಗ್ಗಿ, ನನ್ನ ಹಡಗು ಬೇಸಿಗೆಯ ಎರೆಹೊಲದ ಹಾಗೆ ಬಿರುಕುಬಿಟ್ಟಿತು. ಕಾಕಾ ಬಂದು, ಬಿರುಕಿನೊಳಗೆ ಕಡ್ಡಿ ತೂರಿಸಿ, "ಇದರಾಗ ಕಡ್ಲಿ ಬಿತ್ತಬಹುದು ನೋಡು" ಎಂದು ಹೇಳಿ ನೆಮ್ಮದಿಯಾಗಿ ಹೋದ.

ಎಲ್ಲವನ್ನೂ ಕಿತ್ತು ಹೊಸ ಕಟ್ಟಿಗೆ ಹುಡುಕಿದೆ. ಅಂಗಡಿಯ ಸಾಗವಾನಿ ಚೂರುಗಳು ಮೂಗಿನ ತಿರುವಿನಲ್ಲಿ ಟಕ್ಕೆಂದು ಮುರಿದವು. ಮಾವಿನ ಪಟ್ಟಿಗೆ ಎಷ್ಟು ಉಜ್ಜಿದರೂ ನಾರಿನ ಗಡ್ಡ ಬರುತ್ತಿತ್ತು. ಜಾಲಿ ನನ್ನ ಗರಗಸದ ಹಲ್ಲು ಉದುರಿಸಿತು. ಬೇವೇನೋ ಬಾಗಿತು, ಆದರೆ ಅದರ ಪುಡಿ ಹಾರಿ ಎರಡು ದಿನ ಮನೆಯ ಸಾರು ಕಹಿಯಾಯಿತು. ಹೆಂಡತಿ ಗಂಗವ್ವ ನನ್ನ ತಾಟಿಗೆ ಮಾತ್ರ ಇನ್ನಷ್ಟು ಸುರಿದಳು.

ಆಗ ಕಣ್ಣಿಗೆ ಬಿದ್ದದ್ದು ಅಟ್ಟದ ಮೇಲಿನ ಶಾವಿಗೆ ಮಣೆ. ಗಂಗವ್ವ ದುಮ್ಮವಾಡದ ತವರಿನಿಂದ ತಂದದ್ದು. ಬೇಸಿಗೆಯಲ್ಲಿ ಓಣಿಯ ಹೆಂಗಸರು ಇದರ ಮೇಲೆಯೇ ಹಿಟ್ಟು ಹೊಸೆದು ಶಾವಿಗೆ ಎಳೆಯುವುದು. ಯಾವ ಮರವೋ ತಿಳಿಯದು. ಎಳೆ ನೆಟ್ಟಗೆ, ಒಂದೂ ಗಂಟಿಲ್ಲ, ಎರಡು ತಲೆಮಾರಿನ ಎಣ್ಣೆಯ ಕೈ ಉಂಡು ಬೆಣ್ಣೆಯಂತಾದ ಮೈ. ಓದುಗ ಮಹಾಶಯರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ನಾನರಿಯೆ. ನಾನು ಅವಳು ಸಂತೆಗೆ ಹೋದಾಗಲೊಮ್ಮೆ ಮಣೆಯ ಅಂಚಿನಿಂದ ಒಂದು ಸೀಳು ತೆಗೆದು, ಗಾಯಕ್ಕೆ ಎಣ್ಣೆ ಮಸಿ ಸವರಿ, ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದೆ. ಪಟ್ಟಿಯನ್ನು ಅರ್ಧ ತಾಸು ಮಾತ್ರ ನೆನೆಸಿ, ಬಿಸಿ ಹಂಚಿನ ಅಂಚಿಗೆ ಒತ್ತಿದರೆ ಸಾಕು, ಹಡಗಿನ ಹೊಟ್ಟೆಯನ್ನು ತಬ್ಬಿ ಕೂಡುತ್ತಿತ್ತು. ಸಂತೆಗಳು ಕಳೆದವು, ಹಡಗು ಮೈ ತುಂಬಿಕೊಂಡಿತು, ಮಣೆ ನಾಲ್ಕು ಬೆರಳು ಸೊರಗಿತು. ಇನ್ನೊಂದೇ ಪಟ್ಟಿ ಬೇಕು ಎನ್ನುವಾಗ ಬೇಸಿಗೆ ಬಂದು, ಮಣೆ ಕೆಳಗಿಳಿಯಿತು. ತವರಿನ ವಸ್ತುವಿಗೆ ಕೈ ಹಾಕಿದವನ ಗತಿ ನೆನೆದು ನಾನು ಬಾಗಿಲ ಹಿಂದೆ ನಿಂತೆ.

"ಯವ್ವಾ ಗಂಗಕ್ಕಾ, ನಿನ್ನ ಮಣಿ ಸೊರಗೇತಲ್ಲ?" ಎಂದಳು ಬಾಜು ಮನೆಯ ನೀಲವ್ವ.

"ಅದಕ್ಕೂ ವಯಸ್ಸಾತು. ನಮ್ಮ ಮನ್ಯಾಗ ಒಬ್ಬರಷ್ಟ ವಯಸ್ಸಾದಂಗ ದಪ್ಪ ಆಗೂದು. ರೀ, ಬಾಗಲ ಹಿಂದ ನಿಂತೀರಲ್ಲ, ಆ ಹಡಗ ತರ್ರಿ ಇಲ್ಲೆ."

ಆರೋಪಿಯೇ ಸಾಕ್ಷ್ಯವನ್ನು ಹೊತ್ತು ತಂದ. ಅವಳು ಹಡಗನ್ನು ಮೂಸಿ, ಮಣೆಯನ್ನು ಬೋರಲು ಹಾಕಿದಳು. ಹಿಂಬದಿಗೆ, ಉದ್ದಕ್ಕೂ, ಕುಂಕುಮದ ಒಂದು ಗೆರೆ.

"ಮೊದಲನೇ ಸಂತಿ ದಿನಾನ ಗೊತ್ತಾಗಿತ್ತು. ಆವತ್ತ ಹಾಕಿದ ಗೆರಿ ಇದು. ದಾಟಿದ್ರ ಹಡಗ ಒಲ್ಯಾಗ ಇರ್ತಿತ್ತು."

ಅಂಚಿನಿಂದ ಗೆರೆಗೆ ಇನ್ನೂ ಒಂದು ಕಡ್ಡಿಯಷ್ಟು ಜಾಗವಿತ್ತು. ಅವಳೂ ನೋಡಿದಳು, ನಾನೂ ನೋಡಿದೆ.

"ಒಂದ್ ಪಟ್ಟಿ ಬರತೈತಿ. ನಾ ಹಿಡೀತೀನಿ, ಕೊಯ್ರಿ. ಆಮ್ಯಾಲೆ ಗರಗಸ ನನ್ನ ಕೈಯಾಗ ಕೊಡ್ರಿ."

ಆ ಮಧ್ಯಾಹ್ನ ಕಡೆಯ ಪಟ್ಟಿ ಕೂತಿತು, ಪಟಗಂಬಗಳೂ ಎದ್ದು ನಿಂತವು. ಹೆಂಗಸರು ಒಣಹಾಕಲು ಕೋಲು ಸಾಲದೆ ಹಡಗಿನ ಪಟಗಂಬಗಳ ಅಡ್ಡಕೋಲುಗಳಿಗೇ ಶಾವಿಗೆ ಇಳಿಬಿಟ್ಟರು; ಮಾಳಿಗೆಯ ಬಿಸಿಲಿನಲ್ಲಿ ಹಡಗು ಗೋದಿಯ ಪಟ ಬಿಚ್ಚಿ ನಿಂತಿತು.

ಈಗಲೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಕಟ್ಟಿಗೆಯ ಮೇಲೇ ಹೋಗುತ್ತದೆ. ಆದರೆ ಈಗ ಸ್ವಲ್ಪ ಬಗ್ಗಿ, ಅದರ ಹಿಂಬದಿಯನ್ನೂ ನೋಡುತ್ತೇನೆ.